ಒಳ್ಳೇ ಬೂಷ್ಟು

ಆಗಸ್ಟ್ ೧೨, ಮಂಗಳವಾರ

ಸಿಟ್ಟಿಗೆ ಅಕ್ಷರ ನೆಟ್ಟಗೆ ಬರುತ್ತಿಲ್ಲ. ನಾನು ಶಾಂತಿಗ್ರಾಮಕ್ಕೆ ಹೋಗಿ ಬರುವಷ್ಟರಲ್ಲಿ ಭಾವ ಜೋಳಕ್ಕೆಲ್ಲ ಬೂಷ್ಟಿನ ಔಷಧಿ ಹೊಡೆದಿದ್ದಾರೆ. ನನ್ನನ್ನೊಂದು ಮಾತು ಕೇಳದೆ!

"ಸುಳೀಲೆಲ್ಲ ಬೆಳ್ಳಗೆ ಬೂಷ್ಟು ಇಡ್ಕಂಡಿತ್ತು ಕಣಮ್ಮ, ನೋಡಕ್ಕಾಗ್ದೆ ಒಡ್ದುಬುಟ್ಟೆ."

ಅದು ಜೋಳಕ್ಕೆ ಹಿಡಿದದ್ದಲ್ಲ, ಜೋಳ ತಿನ್ನುವ ಹುಳಕ್ಕೆ ಹಿಡಿದದ್ದು. ಹುಳದ ಮೈಯೊಳಗೇ ಬೆಳೆದು, ಅದನ್ನು ಕೊಂದು, ಸೀಮೆಸುಣ್ಣದ ಚೂರಿನ ಹಾಗೆ ಎಲೆಗೆ ಅಂಟಿಸಿಬಿಡುತ್ತದೆ. ಪಕ್ಕದ ಹುಳಕ್ಕೂ ಹರಡಲಿ ಎಂದೇ ನಾನು ಸತ್ತವನ್ನು ಕೀಳದೆ ಬಿಟ್ಟಿದ್ದೆ. ಒಳ್ಳೇ ಬೂಷ್ಟು ಬಂದಿದೆ ಎಂದು ಮನೆಯಲ್ಲೂ ಹೇಳಿದ್ದೆ. ಅತ್ತೆ ನಕ್ಕಿದ್ದರು: "ಉಪ್ಪಿನಕಾಯಿ ಜಾಡೀಲಿ ಬಂದ್ರೂ ಒಳ್ಳೇದಾ?"

ಸಂಜೆ ಸುಳಿ ಬಿಡಿಸಿ ನೋಡಿದೆ. ಬದುಕಿದ ಹುಳಗಳು ಇಕ್ಕಳದಂಥ ದವಡೆ ಆಡಿಸುತ್ತ ಆರಾಮಾಗಿ ಮೇಯುತ್ತಿದ್ದವು.

ಊಟಕ್ಕೆ ಕೂತಾಗ ಹೇಳಿಯೇಬಿಟ್ಟೆ: "ಭಾವ, ಹುಳ ಸಾಯಿಸ್ತಿದ್ದಿದ್ದೇ ಆ ಬೂಷ್ಟು."

ಅವರು ಮುದ್ದೆ ಮುರಿಯುತ್ತ, "ಅದಕ್ಯಾಕೆ ಅಳ್ತೀಯಾ? ನಾಳೆ ಉಳುಕ್ಕೂ ಒಡ್ದುಬುಡ್ತೀನಿ ಬುಡು" ಎಂದರು.

ನಾನು ಅಳುತ್ತಿರಲಿಲ್ಲ. ಕೈಯಲ್ಲಿ ಸೌಟಿತ್ತು. ಅದನ್ನು ಬೀಸಿ ಎಸೆಯದೆ, ಬಗ್ಗಿ ಅವರ ತಟ್ಟೆಗೆ ಸಾರು ಬಿಟ್ಟೆ.