ಬ್ರೇಕ್‌ನ ನಾಲ್ಕು ನಿಮಿಷ

ಅಕ್ಟೋಬರ್ 9, 2018, ಮಂಗಳವಾರ. ರಾತ್ರಿ 8.10

ಮಾನಸಿ ಸರಿಯಾಗಿ ಏಳೂವರೆಗೆ ಅತ್ತಳು. ಒಂದು ಕೈಯಲ್ಲಿ ಅವಳು, ಇನ್ನೊಂದರಲ್ಲಿ ರಿಮೋಟ್. ಸೀರಿಯಲ್ ಅರ್ಧ ನೋಡಿದೆ, ಅರ್ಧ ಕೇಳಿದೆ. ಜಾಹೀರಾತು ಬಂದ ಕೂಡಲೇ ಅಡಿಗೆಮನೆಗೆ ಓಟ. ಡಕ್ಟ್‌ನ ಆಚೆ, ಎದುರು ಮನೆಯ ಉಮಾವತಿ ಅಕ್ಕ ಆಗಲೇ ಕಿಟಕಿಯಲ್ಲಿ.

"ನೋಡಿದ್ಯಾ ಚೈತು? ಆ ಅತ್ತೆ ಎಂಥ ಘಾಟಿ ಹೆಂಗಸು ಮಾರಾಯ್ತಿ!"

"ನೋಡಿದೆ ಅಕ್ಕ. ಮಾನಸಿ ಇವತ್ತು ಹಸಿರು ಕಕ್ಕ ಮಾಡಿದ್ದಾಳೆ. ಎರಡು ಸಲ."

"ಹಾಲು ಕುಡೀತಾಳಲ್ಲ? ನಗಾಡ್ತಾಳಲ್ಲ? ಮತ್ತೆಂತ? ನಮ್ಮ ಸೂರಜ್ ನೀಲಿ ಒಂದು ಬಿಟ್ಟು ಎಲ್ಲಾ ಬಣ್ಣ ಮಾಡಿದ್ದ."

ನಕ್ಕೆ. ಬೆಳಿಗ್ಗೆಯಿಂದ ಮೊದಲ ಸಲ.

ಊರು ಬಿಟ್ಟು ಕಳಂಬೋಲಿಗೆ ಬಂದು ಎಂಟು ತಿಂಗಳು, ಮಾನಸಿಗೆ ಐದು. ನಮ್ಮದು ಎ ವಿಂಗ್, ಅಕ್ಕನದು ಬಿ. ಮೆಟ್ಟಿಲು ಬೇರೆ, ಗೇಟು ಬೇರೆ, ಲಿಫ್ಟ್ ಎರಡರಲ್ಲೂ ಇಲ್ಲ. ಎರಡು ಅಡಿಗೆಮನೆಗಳ ನಡುವೆ ಗಾಳಿಗೆಂದು ಬಿಟ್ಟ ಸಂದು, ಆ ಡಕ್ಟ್ ಮಾತ್ರ ಒಂದೇ. ಕೈ ಚಾಚಿದರೆ ಚಟ್ನಿ ಬಟ್ಟಲು ದಾಟುತ್ತದೆ. ಅಕ್ಕನ ಕಾಲು ಹೇಗಿದೆಯೋ ನೋಡಿಯೇ ಇಲ್ಲ. ಮಂಡಿ ನೋವು ಅನ್ನುತ್ತಾರೆ, ನಂಬಿದ್ದೇನೆ.

ಅರ್ಧ ಗಂಟೆಗೆ ಮೂರು ಬ್ರೇಕ್. ಒಂದೊಂದು ನಾಲ್ಕು ನಿಮಿಷ. ಇಡೀ ದಿನದಲ್ಲಿ ದೊಡ್ಡವರೊಬ್ಬರ ಜೊತೆ ಆಡುವ ಮಾತು ಅಷ್ಟೇ. ಗಂಡ ಪೃಥ್ವಿ ವಾಶಿಯ ರೆಸ್ಟೋರೆಂಟಿಗೆ ಕೆಲಸಕ್ಕೆ ಹನ್ನೊಂದಕ್ಕೆ ಹೊರಟರೆ ಮಧ್ಯರಾತ್ರಿ ಬರುವಾಗ ನಾನು ಕಣ್ಣು ಮುಚ್ಚಿಕೊಂಡಿರುತ್ತೇನೆ. ನಿದ್ದೆ ಅಲ್ಲ. ಮಾನಸಿಯ ಉಸಿರು ಎಣಿಸುತ್ತಿರುತ್ತೇನೆ... ಅದನ್ನು ಅಕ್ಕನಿಗೆ ಮಾತ್ರ ಹೇಳಿದ್ದು.

ಅಕ್ಟೋಬರ್ 13, ಶನಿವಾರ

ಪೃಥ್ವಿ ಕೇಬಲ್ ತೆಗೆಸಿದ. ಟಿವಿಯ ಹಿಂದೆ ಬೆರಳಿನಷ್ಟು ಉದ್ದದ ಇಂಟರ್‌ನೆಟ್ ಸ್ಟಿಕ್ ಸಿಕ್ಕಿಸಿದ.

"ಅರೆ, ಯಾವಾಗ ಬೇಕೋ ಆವಾಗ ನೋಡು. ಆ್ಯಡ್ ಇಲ್ಲ, ಟೈಮ್‌ನ ಝಂಝಟ್ ಇಲ್ಲ. ನಿನಗೋಸ್ಕರಾನೇ ಮಾಡಿದ್ದು."

ನಿಜ. ನನಗೋಸ್ಕರವೇ. ಥ್ಯಾಂಕ್ಸ್ ಅಂದೆ.

ಅಕ್ಟೋಬರ್ 16, ಮಂಗಳವಾರ

ಸಂಜೆಯ ಎಪಿಸೋಡ್ ಆ ಸ್ಟಿಕ್‌ನ ಆ್ಯಪ್‌ನಲ್ಲಿ ಬೆಳಿಗ್ಗೆಯೇ ಬಂದಿರುತ್ತದೆ. ಹನ್ನೆರಡಕ್ಕೆ ಹಾಲು ಕುಡಿಸುತ್ತಾ ನೋಡಿ ಮುಗಿಸಿದೆ. ಹದಿನೆಂಟು ನಿಮಿಷ. ಎಲ್ಲೂ ನಿಲ್ಲಲಿಲ್ಲ.

ಸಂಜೆ ಅಕ್ಕನ ಟಿವಿ ಸದ್ದು ಕೇಳಿ ಕಿಟಕಿಗೆ ಹೋದೆ. "ಆ ಪತ್ರ ದೊಡ್ಡ ಸೊಸೆ ಸುಟ್ಟು ಹಾಕ್ತಾಳೆ ನೋಡಿ" ಅಂದುಬಿಟ್ಟೆ. ಅಕ್ಕನ ಮುಖ ಇಳಿದುಹೋಯಿತು.

"ಸುಡ್ತಾಳಾ? ಇನ್ನೂ ಬರಲೇ ಇಲ್ಲವಲ್ಲ ಅದು."

ಆ್ಯಪ್ ವಿಷಯ ಹೇಳಿದೆ.

"ಓ... ನಿಂದು ಮುಗಿದೇ ಹೋಯ್ತಾ? ಹಾಗಾದ್ರೆ ನನ್ನ ಹತ್ರ ಎಂತ ಮಾತಾಡೂದು ನೀನು? ಹೋಗು, ಮಗು ಹತ್ರ ಹೋಗು."

ಸಿಟ್ಟಿನಿಂದ ಅಂದದ್ದಲ್ಲ. ಅದಕ್ಕೇ ಜಾಸ್ತಿ ಚುಚ್ಚಿತು. ಎರಡನೇ ಬ್ರೇಕ್‌ಗೆ ಅಕ್ಕ ಬರಲಿಲ್ಲ. ಮೂರನೆಯದಕ್ಕೂ.

ಅಕ್ಟೋಬರ್ 18, ಗುರುವಾರ

ಸುಳ್ಳು ಹೇಳಿದೆ. "ಕೇಬಲ್ ಪುನಃ ಹಾಕಿಸಿದ್ವಿ ಅಕ್ಕ. ಆ ಸ್ಟಿಕ್ ಸರಿ ಇಲ್ಲ."

"ನಾನು ಹೇಳ್ಲಿಲ್ವಾ! ಬೆರಳಷ್ಟು ಸಾಮಾನಲ್ಲಿ ಎಂತ ಬರ್ತದೆ?" ಬಟ್ಟಲಲ್ಲಿ ನಾಲ್ಕು ಗೋಳಿಬಜೆ ದಾಟಿಸಿದರು. ಬಿಸಿ ಬಿಸಿ. ನಾಲಿಗೆ ಸುಟ್ಟಿತು.

ಅಕ್ಟೋಬರ್ 26, ಶುಕ್ರವಾರ

ಈಗ ರೂಢಿಯಾಗಿದೆ. ಮಧ್ಯಾಹ್ನ ನೋಡಿಡುತ್ತೇನೆ. ಏಳೂವರೆಗೆ ನಮ್ಮ ಟಿವಿ ಆಫ್. ಮಾನಸಿಯನ್ನು ಹೆಗಲಿಗೆ ಹಾಕಿಕೊಂಡು ಅಡಿಗೆಮನೆಯಲ್ಲಿ ನಿಲ್ಲುತ್ತೇನೆ. ಡಕ್ಟ್‌ನಿಂದ ಬರುವ ಸದ್ದಿಗೆ ಕಿವಿ ಕೊಟ್ಟು, ಸೋಪಿನ ಜಾಹೀರಾತಿನ ಹಾಡು ಶುರುವಾದ ಕೂಡಲೇ ಓಡಿ ಬಂದವಳ ಹಾಗೆ ಕಿಟಕಿ ಸರಿಸುತ್ತೇನೆ.

"ಅಯ್ಯೋ ಅಕ್ಕ, ಈಗ ಎಂತಾಗ್ತದೋ!"

ಎಂತಾಗುತ್ತದೆ ಅಂತ ಗೊತ್ತು. ಎಂ.ಕಾಂ. ಓದಿದ್ದು ಇದಕ್ಕೆ.

ನಿನ್ನೆ ಅಕ್ಕ ಅಂದರು, "ಉಸಿರು ಎಣಿಸ್ಬೇಡ ಚೈತು. ನೀನು ಎಣಿಸಿದ್ರೂ ಬಿಡ್ತಾಳೆ, ಎಣಿಸದಿದ್ರೂ ಬಿಡ್ತಾಳೆ." ಊಟ ಮಾಡುವಾಗ ಅದನ್ನೇ ನೆನೆಸಿಕೊಂಡೆ. ರಾತ್ರಿ ಎರಡು ಗಂಟೆ ನಿದ್ದೆ ಬಂತು. ಒಟ್ಟಿಗೆ ಎರಡು!

ನವೆಂಬರ್ 7, ಬುಧವಾರ. ದೀಪಾವಳಿ

ಮುಗಿಯಿತು.

ಹಬ್ಬದ ರಶ್, ಪೃಥ್ವಿ ಬೇಗ ಹೋದ. ಆ್ಯಪ್‌ನಲ್ಲಿ ಎಂದಿನಂತೆ ಹೊಸ ಎಪಿಸೋಡ್ ಇತ್ತು, ಮಧ್ಯಾಹ್ನವೇ ನೋಡಿಟ್ಟೆ. ಸಂಜೆಯಿಂದ ಕೆಳಗೆ ಸರಪಟಾಕಿ, ಇಲ್ಲಿಯವರ ಲಡಿ. ಒಂದೊಂದು ಸದ್ದಿಗೂ ಮಾನಸಿ ಬೆಚ್ಚುತ್ತಿದ್ದಳು. ಅಕ್ಕನ ಟಿವಿ ಒಂಚೂರೂ ಕೇಳಲಿಲ್ಲ. ಗಡಿಯಾರ ನೋಡಿ ಅಂದಾಜಿನಲ್ಲಿ 7.42ಕ್ಕೆ ಕಿಟಕಿ ಸರಿಸಿದೆ. ಅಕ್ಕ ಗ್ಯಾಸ್ ಮುಂದೆ ನಿಂತಿದ್ದರು, ದೋಸೆ ಹುಯ್ಯುತ್ತಾ.

"ಅಕ್ಕ, ಕೊನೆಗೂ ಅತ್ತೆ ಬೀಗದ ಕೈ ಕೊಟ್ಟಳಲ್ಲ! ಈಗಷ್ಟೇ ನೋಡಿ ಕಣ್ಣಲ್ಲಿ ನೀರೇ ಬಂತು ನನಗೆ."

ಅಕ್ಕ ಸಟ್ಟುಗ ಹಿಡಿದುಕೊಂಡೇ ತಿರುಗಿದರು.

"ಇವತ್ತು ಸೀರಿಯಲ್ ಇಲ್ಲ ಚೈತು. ಹಬ್ಬಕ್ಕೆ ಪಿಚ್ಚರ್ ಹಾಕಿದ್ದಾರೆ."

ಕೆಳಗೆ ಸಾವಿರದ ಲಡಿ. ಮಾನಸಿಯ ಕಿವಿ ಮುಚ್ಚಿ ಹಿಡಿದೆ. ದೋಸೆ ಕರಕಲಾದ ವಾಸನೆ.

"ಇಷ್ಟು ದಿನ ಎಲ್ಲಾ ನೋಡಿಯೇ ಬರ್ತಿದ್ದದ್ದಾ? ನಾನು ಪೆದ್ದಿ. ದಿನಾ ಬಾಯಿ ಬಿಟ್ಟುಕೊಂಡು ನಿನಗೆ ಕತೆ ಹೇಳ್ತಿದ್ದೆ."

ಕಿಟಕಿ ಎಳೆದುಕೊಂಡರು.

ನವೆಂಬರ್ 9, ಶುಕ್ರವಾರ

ಮುಚ್ಚಿಯೇ ಇದೆ. ಮೂರು ಬ್ರೇಕ್‌ಗೂ ನಿಂತೆ.

ನವೆಂಬರ್ 13, ಮಂಗಳವಾರ. ಬೆಳಿಗ್ಗೆ

ಎರಡು ದಿನದಿಂದ ಟಿವಿ ಸದ್ದೂ ಇಲ್ಲ. ಸಿಟ್ಟೋ? ಬದಲಾಪುರದ ಮಗನ ಮನೆಗೆ ಹೋದರೋ? ಮಂಡಿಗೆ ಏನಾದರೂ...? ಅಕ್ಕನ ಫೋನ್ ನಂಬರ್ ಇಲ್ಲ ನನ್ನಲ್ಲಿ. ಕೈಗೆ ಸಿಗುವಷ್ಟು ದೂರ, ನಂಬರ್ ಯಾಕೆ ಅಂದುಕೊಂಡಿದ್ದೆ.

ಪೃಥ್ವಿ ಚಹಾ ಕುಡಿಯುತ್ತಾ, "ಹೋಗಿ ಮಾತಾಡು ನಾ. ಎದುರಿಗೇ ತಾನೇ ಮನೆ?" ಅಂದ.

ಎದುರಿಗೆ. ನಾಲ್ಕು ಮಹಡಿ ಇಳಿದು, ಸುತ್ತು ಹಾಕಿ, ಮತ್ತೆ ನಾಲ್ಕು ಹತ್ತಬೇಕು. ಮಾನಸಿಯನ್ನು ಎತ್ತಿಕೊಂಡು ಮೆಟ್ಟಿಲಲ್ಲಿ ಜಾರಿದರೆ? ಡಾಕ್ಟರ್ ಬಳಿಗೆ ಹೋದದ್ದು ಬಿಟ್ಟರೆ ನಾವಿಬ್ಬರೇ ಕೆಳಗೆ ಇಳಿದದ್ದೇ ಇಲ್ಲ. ಇದನ್ನು ಪೃಥ್ವಿಗೆ ಹೇಳಲಿಲ್ಲ.

ಮತ್ತೆ ಎಣಿಸಲು ಶುರು ಮಾಡಿದ್ದೇನೆ.

ನವೆಂಬರ್ 15, ಗುರುವಾರ. ಸಂಜೆ 7.15

ಇವತ್ತಿನ ಎಪಿಸೋಡ್ ನೋಡಿಲ್ಲ. ಬೆಳಿಗ್ಗೆಯಿಂದ ಆ್ಯಪ್ ಕರೆಯುತ್ತಲೇ ಇದೆ. ನಿನ್ನೆಯದೂ ನೋಡಿಲ್ಲ. ಸೊಸೆ ಮನೆ ಬಿಟ್ಟಳೋ ಇಲ್ಲವೋ, ನಿಜವಾಗಿ ಗೊತ್ತಿಲ್ಲ.

ಮಧ್ಯಾಹ್ನ ಹಾಲ್‌ನ ಕಿಟಕಿಯಿಂದಲೇ ಕೆಳಗೆ ಬಿ ವಿಂಗ್ ವಾಚ್‌ಮನ್‌ನನ್ನು ಕೂಗಿ, ಅಕ್ಕನ ಗಂಡನ ಹೆಸರು ಹೇಳಿ, ಮನೆಯಲ್ಲಿ ಯಾರಾದರೂ ಇದ್ದಾರಾ ಅಂತ ಕೇಳಿದೆ, "ಭುಜಂಗ್ ಶೆಟ್ಟಿ, ಹೋಟೆಲ್‌ವಾಲೆ — ಘರ್ ಪೆ ಹೈ ಕ್ಯಾ ಕೋಯಿ?"

"ಆಂಟಿ ಹೈ ನಾ! ಅಂಕಲ್ ಸುಬಹ್ ಸೆ ಹೋಟೆಲ್ ಮೇ. ಟಿವಿ ಖರಾಬ್ ಹೈ ಉನ್‌ಕಾ, ಮೆಕ್ಯಾನಿಕ್ ಕೋ ಪೂಛ್ ರಹೀ ಥೀ."

ಅಕ್ಕ ಮನೆಯಲ್ಲೇ ಇದ್ದಾರೆ, ಟಿವಿ ಕೆಟ್ಟಿದೆ. ಅಕ್ಕ ನಾಲ್ಕು ಸಂಜೆಗಳಿಂದ ಸುಮ್ಮನೆ ಕೂತಿದ್ದಾರೆ. ನನ್ನ ಹಾಗೆ.

ಮಾನಸಿಗೆ ಟೋಪಿ ಹಾಕಿದೆ. ಒದ್ದೆಯಾದರೆ ಇರಲಿ ಅಂತ ಎರಡು ಲಂಗೋಟಿ. ಫೋನ್ ಚಾರ್ಜ್ ಪೂರ್ತಿ. ಅಕ್ಕನ ಚಟ್ನಿ ಬಟ್ಟಲು ತೊಳೆದು ಇಟ್ಟಿದ್ದೇನೆ, ಬರಿದೇ ಕೊಡಬಾರದು, ಸಕ್ಕರೆ ಹಾಕಿದೆ. ಅಕ್ಕ ಮಾತಾಡದಿದ್ದರೂ ಫೋನಿನಲ್ಲಿ ಒಟ್ಟಿಗೆ ನೋಡಬಹುದು. ಐದು ನಿಮಿಷಕ್ಕೊಮ್ಮೆ ನಾನೇ ನಿಲ್ಲಿಸುತ್ತೇನೆ. ನಾಲ್ಕು ನಿಮಿಷ.

ಬಾಗಿಲು ತೆಗೆಯದಿದ್ದರೆ? ಮಾನಸಿ ಮೆಟ್ಟಿಲಲ್ಲೇ ಅತ್ತರೆ? ಮೊದಲು ಬಲಗೈಯಿಂದ ಕಂಬಿ ಹಿಡಿದು, ಆಮೇಲೆ —

ಎದುರಿನ ಅಡಿಗೆಮನೆಯಲ್ಲಿ ಲೈಟ್ ಹತ್ತಿತು. ಕಿಟಕಿಯ ಹತ್ತಿರ ಅಕ್ಕನ ನೆರಳು. ಇಲ್ಲಿಂದಲೇ ಕರೆಯಬಹುದು. ಸುಲಭ.

ಕರೆಯುವುದಿಲ್ಲ. ಈ ಸಲ ಬಾಗಿಲಿನಿಂದಲೇ. ಆ ಮಹಡಿಯಲ್ಲಿ ಮೂರನೆಯದೋ ನಾಲ್ಕನೆಯದೋ ಬಾಗಿಲು... ಎರಡೂ ತಟ್ಟಿದರಾಯಿತು. ಏಳೂವರೆಗೆ ಇನ್ನೂ ಹತ್ತು ನಿಮಿಷ ಇದೆ, ಚಪ್ಪಲಿ ಹಾಕಿಕೊಂಡು ಹೊರಟೆ.