ಬಿಟ್ಟ ಎರಡು ಸಾಲು

ಮಾರ್ಚ್ 3, ಬೆಳಿಗ್ಗೆ 7.10

ಫೋನಲ್ಲಿ ರೆಕಾರ್ಡಿಂಗ್ ಆನ್ ಆಯ್ತಾ? ಹ್ಞಾಂ, ಕೆಂಪು ಚುಕ್ಕೆ ಬಂತು. ಕಾರಲ್ಲೇ ಕೂತಿದೀನಿ. ನನ್ನ ಹತ್ರ ಡ್ರೈವಿಂಗ್ ಕಲಿಯೋಕೆ ಬರೋ ಆಂಟಿ ಇನ್ನೂ ಬಂದಿಲ್ಲ. ನಿನ್ನೆ ಕ್ಲಚ್ ಬಿಡಿ ಅಂದ್ರೆ ಸ್ಟೀರಿಂಗನ್ನೇ ಬಿಟ್ರು. ಮೇಷ್ಟ್ರ ಸೀಟಿಗೂ ಒಂದು ಬ್ರೇಕ್ ಇಟ್ಟಿರೋ ಪುಣ್ಯಾತ್ಮ ಚೆನ್ನಾಗಿರ್ಲಿ.

ನಾಟಕಕ್ಕೆ ನಲವತ್ತು ದಿನ. ಮಲಗಿದ್ದ ರಾಜನ್ನ ಕೊಂದು ಪಟ್ಟ ಏರೋ ಸೇನಾಪತಿ ಕಥೆ. ಸೇನಾಪತಿ ಪಾರ್ಟು ನಮ್ಮ ಸಲೂನ್ ಅಣ್ಣಂದು. ನಂದು ಬಾಗಿಲು ಕಾಯೋನು. ಮೂರೇ ಮಾತು. ನಾಟಕ ಯಾವ್ದೇ ಇರ್ಲಿ, ಹದಿನೆಂಟು ವರ್ಷದಿಂದ ಬಾಗಿಲೇ ಕಾಯ್ತಿದೀನಿ.

ಅಣ್ಣನಿಗೆ ಕಣ್ಣಿನ ಆಪರೇಷನ್ ಆಗಿದೆ. ಹೊಸ ಕನ್ನಡಕ ಬರೋವರೆಗೂ ಅಕ್ಷರ ಕಾಣಲ್ಲ. ಅವರ ಪಾರ್ಟು ನಾನು ಓದಿ ರೆಕಾರ್ಡ್ ಮಾಡಿ ಕಳಿಸ್ತೀನಿ, ಅವ್ರು ಕೇಳಿ ಬಾಯಿಪಾಠ ಮಾಡ್ತಾರೆ. "ಸದ್ಯಕ್ಕೆ ನೀನೇ ನನ್ನ ಕಣ್ಣು ಕಣೋ" ಅಂದ್ರು. ಖುಷಿ ಆಯ್ತು.

ಮಾರ್ಚ್ 11, ಮಧ್ಯಾಹ್ನ

ಕೊಲೆಗೆ ಮುಂಚಿನ ಮಾತು ಓದ್ದೆ. ಅಬ್ಬಾ! ಕಾರಿನ ಗಾಜು ಏರಿಸ್ಕೊಂಡು ಕೂಗಿ ಕೂಗಿ ಹೇಳ್ದೆ. ಮೈ ಜುಂ ಅಂತು. ನಾನೂ ಮಾಡಬಲ್ಲೆ ಅನ್ನಿಸ್ತು...

ಅಲ್ಲೇ ಎರಡು ಸಾಲು ಬಿಟ್ಟೆ. ಕಣ್ತಪ್ಪಿ ಅಲ್ಲ. ಬೇಕು ಅಂತ್ಲೇ.

ಕಳಿಸಿಯೂ ಆಯ್ತು.

ಮಾರ್ಚ್ 24

ಮೂರನೇ ರಿಹರ್ಸಲ್. ಅಣ್ಣ ಮತ್ತೆ ಅಲ್ಲೇ ಎಡವಿದ್ರು. ನಮ್ಮ ಡೈರೆಕ್ಟರು ಹೇಳಿಕೊಡ್ತಾರೆ, ಅಣ್ಣ ತಲೆ ಆಡಿಸ್ತಾರೆ, ಮತ್ತೆ ಅದೇ ಗುಂಡಿ. ಕಿವಿಯಲ್ಲಿ ಒಂದ್ಸಲ ಕೂತದ್ದು ಏಳಲ್ಲ ನೋಡಿ.

"ತಲೆಗೇ ಮುಪ್ಪು ಬಂತೇನೋ" ಅಂದ್ರು ಅಣ್ಣ. ನಾನು ಚಪ್ಪಲಿ ನೋಡ್ತಾ ನಿಂತಿದ್ದೆ.

ಡೈರೆಕ್ಟರು ನನ್ನ ಕಡೆ ತಿರುಗಿದ್ರು. "ನೀನ್ ಹೇಳಯ್ಯಾ ನೋಡೋಣ." ಹೇಳ್ದೆ. ನೀರು ಕುಡಿದ ಹಾಗೆ.

ಪಾರ್ಟು ನಂದಾಯ್ತು. ಕಿರೀಟ ಅಣ್ಣನೇ ತಂದು ತಲೆ ಮೇಲಿಟ್ರು. "ನಿಂಗೇ ಒಪ್ಪುತ್ತೆ ಕಣೋ." ರಟ್ಟಿನ ಕಿರೀಟ. ಆದ್ರೂ ತಲೆನೋವು.

ಮಾರ್ಚ್ 28

ಊಟ ಸೇರ್ತಿಲ್ಲ. "ರಾಜ ಆದೋರಿಗೆ ಹಸಿವೆ ಆಗಲ್ವಾ?" ಅಂದ್ಲು ಹೆಂಡ್ತಿ. ನಗ್ಬೇಕಿತ್ತು...

ಏಪ್ರಿಲ್ 6, ಸಂಜೆ

ಸೇನಾಪತಿಗೆ ಗಡ್ಡ ಇರಬಾರ್ದು. ಸಲೂನಿಗೆ ಹೋದೆ. ಅಣ್ಣ ಮತ್ತೆ ಕೆಲಸಕ್ಕೆ ನಿಂತಿದ್ದಾರೆ, ಮೂಗಿನ ಮೇಲೆ ಹೊಸ ಕನ್ನಡಕ. ನೊರೆ ಹಚ್ಚಿದ್ರು. ತಲೆ ಹಿಂದಕ್ಕೆ ಒತ್ತಿದ್ರು. ರೇಜರ್ ಗಂಟಲ ಮೇಲೆ ಬಂತು. ಆಗ ಮೆಲ್ಲಗೆ ಶುರು ಮಾಡಿದ್ರು—

"ಈ ಕೈಗೆ ಅನ್ನ ಇಟ್ಟವನು ಒಳಗೆ ಮಲಗಿದ್ದಾನೆ. ಯಾರೂ ನೋಡದಿದ್ದರೂ ಈ ಕೈ ನೋಡಿರುತ್ತದೆ."

ಅವೇ ಎರಡು ಸಾಲು.

"ಅಲುಗಾಡ್ಬೇಡ್ವೋ, ಕೊಯ್ದೀತು! ನಿನ್ನೆ ಪುಸ್ತಕ ಓದ್ದೆ. ಆಮೇಲೆ ನೀನು ಕಳಿಸಿದ್ದು ಮತ್ತೆ ಕೇಳ್ದೆ."

"ಅಣ್ಣಾ... ಬೇಕು ಅಂತ್ಲೇ ಬಿಟ್ಟೆ."

"ಗೊತ್ತು. ಅಲ್ಲಿ ನೀನು ಉಸಿರು ಹಿಡಿದಿದ್ದು ಕೇಳುತ್ತೆ."

ಕೆನ್ನೆ ಒಂದು ಕಡೆ ಮುಗಿಸಿದ್ರು. ರೇಜರ್ ಒರೆಸಿದ್ರು. ಮತ್ತೆ ಗಂಟಲಿಗೆ ಬಂದ್ರು.

"ಮೈ ಉರೀತು, ಸುಳ್ಳ್ಯಾಕೆ ಹೇಳ್ಲಿ. ರಾತ್ರಿ ಎಲ್ಲಾ ನಿನ್ನ ಬೈದೆ. ಬೆಳಿಗ್ಗೆ ಲೆಕ್ಕ ಹಾಕ್ದೆ. ಬಿಟ್ಟಿದ್ದು ಎರಡು. ಮಿಕ್ಕ ಆರುನೂರು ಸಾಲು ಓದಿದ್ದು ಯಾರು? ಕಣ್ಣು ಕಾಣ್ದೆ ಕೂತಿದ್ದಾಗ ಒಂದು ತಿಂಗಳು ನಿನ್ನ ದನಿನೇ ನಂಗೆ ಜೊತೆ ಕಣೋ."

ಮುಖದ ಮೇಲೆ ನೊರೆ ಇದ್ದದ್ದು ಒಳ್ಳೇದಾಯ್ತು.

ಏಪ್ರಿಲ್ 7

ಡೈರೆಕ್ಟರಿಗೆ ನಾನೇ ಹೇಳ್ದೆ. ಎಲ್ಲರ ಎದುರಿಗೆ. "ಉಂಡ ಮನೆಗೆ ಎರಡು ಬಗೆದ್ಯಲ್ಲೋ!" ಪುಸ್ತಕ ಬೀಸಿ ಒಗೆದ್ರು, ಕಿವಿ ಪಕ್ಕ ಹೋಯ್ತು. ಪಾರ್ಟು ವಾಪಸ್ ಅಣ್ಣನಿಗೆ. ಆಮೇಲೆ, "ಬಾಗಿಲು ಕಾಯೋಕೆ ಬೇರೆ ಯಾರು ಸಿಗ್ತಾರೆ? ಹಾಳಾಗ್ಹೋಗು, ನಿಂತ್ಕೋ."

ನಿಂತ್ಕೊಂಡೆ. ಹದಿನೆಂಟು ವರ್ಷದಲ್ಲಿ ಆ ಬಾಗಿಲು ಇಷ್ಟು ಚೆನ್ನಾಗಿ ಕಂಡಿದ್ದೇ ಇಲ್ಲ. ಮನೇಲಿ ಎರಡು ಸಲ ಅನ್ನ ಬಡಿಸಿಕೊಂಡೆ.

ಪಕ್ಕದ ಸೀಟಿನ ಬ್ರೇಕು ಇನ್ನೊಬ್ಬರನ್ನ ಕಾಯೋಕೆ ಅಂದ್ಕೊಂಡಿದ್ದೆ. ಈ ಸಲ ನಂಗೋಸ್ಕರ ಅಣ್ಣ ಆ ಬ್ರೇಕ್ ಒತ್ತಿದ್ರು. ಆ ಕಾಲಿಗೊಂದು ನಮಸ್ಕಾರ.

ಏಪ್ರಿಲ್ 12, ಸಂಜೆ 7.05

ಪಿಸುಗುಡ್ತಿದೀನಿ... ಪರದೆ ಪಕ್ಕ ನಿಂತಿದೀನಿ. ಹಾಲ್ ತುಂಬಿದೆ. ಮೊದಲ ಬೆಲ್‌ಗೆ ಅಣ್ಣ ಬಂದು, "ಆ ಜಾಗದಲ್ಲಿ ನನ್ನ ಕಿವಿ ಇನ್ನೂ ನಿನ್ನ ಮಾತೇ ಕೇಳುತ್ತೆ. ನಾನು ನಿಂತ್ರೆ ಸಾಲು ನೀನೇ ಎತ್ತಿಕೊಡ್ಬೇಕು" ಅಂದ್ರು. ನಂಗೇ ಹೇಳಿದ್ರು!

ಮತ್ತೆ ಆನ್ ಮಾಡ್ದೆ. ಕೊಲೆ ಸೀನು ಬಂತು... ಚೆನ್ನಾಗಿ ಹೋಗ್ತಿದೆ... ಅಯ್ಯೋ, ನಿಂತ್ರು. ಈ ಕಡೆ ತಿರುಗಿದ್ರು—

ಈ ಕೈಗೆ ಅನ್ನ ಇಟ್ಟವನು