ಅರ್ಧಕ್ಕೆ ನಿಂತ ದನಿ

ಗುಳೇದಗುಡ್ಡ, ೨೧೮೭ ಫೆಬ್ರವರಿ ೩೦

ಹೊಸ ಆಪರೇಟಿಂಗ್ ಸಿಸ್ಟಮ್‌ಗೆ ಬದಲಾಗಿ, ವಾರದೊಳಗೆ ಬೇಸತ್ತು, ಹಳೆಯದಕ್ಕೆ ಮರಳಲು ಹೊರಟಿರುವ, ನೂರೈವತ್ತು ವರ್ಷ ಹಿಂದಿನ ಹಿರಿಯರಿಗೆ,

ತಾರೀಖು ತಪ್ಪಲ್ಲ. ನಮ್ಮಲ್ಲಿ ಎಲ್ಲ ತಿಂಗಳಿಗೂ ಮೂವತ್ತೇ ದಿನ. ಆಪರೇಟಿಂಗ್ ಸಿಸ್ಟಮ್ ಅನ್ನು ನಾವು ಹಾಸು ಎನ್ನುತ್ತೇವೆ. ನೇಕಾರರ ಊರು, ಮಗ್ಗಕ್ಕೆ ಉದ್ದನೂಲಿನ ಹಾಸು ಹೇಗೋ ಯಂತ್ರಕ್ಕೆ ಅದು ಹಾಗೆ. ನನ್ನ ಮಾತು ವಿಚಿತ್ರವೆನಿಸಿದರೆ ಕ್ಷಮಿಸಿ. ನಾನು ಕಲಿತದ್ದೆಲ್ಲ ಕರಪತ್ರಗಳಿಂದ.

ನಮ್ಮ ಮಗ್ಗಗಳು ಬಾಡಿಗೆ ಹಾಸಿನ ಮೇಲೆ ನಡೆಯುತ್ತಿದ್ದವು. ನೇಕಾರ ಬರೆದ ರವಿಕೆ ಖಣದ ಹೊಸ ಚಿತ್ತಾರ ಹಾಸಿನ ಒಡೆಯರಿಗೆ ಸೇರುತ್ತಿತ್ತು. ಒಪ್ಪದವನ ಮಗ್ಗ ನಿಂತುಹೋಗುತ್ತಿತ್ತು. ಇದು ಗುಲಾಮಗಿರಿ ಎಂದು ಓಣಿ ಓಣಿಯಲ್ಲಿ ಹೇಳಿದೆ, ಈಗಲೂ ಹೇಳುತ್ತೇನೆ. ಯಾರೂ ಒಡೆಯರಲ್ಲದ ಊರ ಹಾಸನ್ನು ಒಂದೇ ದಿನದಲ್ಲಿ ನಲವತ್ತು ಮಗ್ಗಗಳಿಗೆ ಹಾಕಿಸಿದೆ. ಮರಳುವ ಆಸೆ ಯಾರಿಗೂ ಬಾರದಿರಲೆಂದು ಹಳೆಯದನ್ನು ಅಳಿಸಿಬಿಟ್ಟೆ.

ಬಣ್ಣಗಳು ಅದಲುಬದಲಾದವು. ಗುಂಡಿ ಒತ್ತಿದರೆ ಯಾರಿಗೂ ತಿಳಿಯದ ಸಂದೇಶಗಳು ಬಂದವು. ಅವನ್ನೆಲ್ಲ ಬೈದುಕೊಳ್ಳುತ್ತಲೇ ಸರಿಪಡಿಸಿದೆವು. ಸರಿಹೋಗದೆ ಉಳಿದದ್ದು ಒಂದು. ಮಲಿಯಪ್ಪ ಕಾಕಾಗೆ ಕಣ್ಣು ಕಾಣುವುದಿಲ್ಲ. ಬಾಡಿಗೆ ಹಾಸು ಚಿತ್ತಾರವನ್ನು ಎಷ್ಟು ಎಳೆ, ಯಾವ ಬಣ್ಣ ಎಂದು ಓದಿ ಹೇಳುತ್ತಿತ್ತು, ಅವರು ಕೇಳುತ್ತ ನೇಯುತ್ತಿದ್ದರು. ಊರ ಹಾಸಿನಲ್ಲಿ ಕನ್ನಡದ ದನಿಯೇ ಇರಲಿಲ್ಲ.

“ಏನ ಶಿವಲೀಲಾ, ನಿನ್ನ ಸ್ವಾತಂತ್ರ್ಯಕ್ಕ ಬಾಯೇ ಇಲ್ಲಲ್ಲವ್ವ,” ಎಂದರು ಕಾಕಾ.

“ನಾ ಓದ್ತೀನಿ ಕಾಕಾ.”

“ಎಷ್ಟ್ ದಿನ ಓದ್ತಿ? ನಿನಗ ಭಾಷಣ ಇರ್ತಾವ.”

ಹನ್ನೊಂದು ದಿನ ಮಗ್ಗದ ಪಕ್ಕ ನಿಂತು ಓದಿದೆ. ಗಂಟಲು ಕಟ್ಟಿತು, ಅದು ದೊಡ್ಡದಲ್ಲ. ಐವತ್ತು ವರ್ಷ ತಮ್ಮ ಹೊತ್ತಿಗೆ ನೇಯ್ದವರು ನನ್ನ ಹೊತ್ತಿಗೆ ಕಾಯುತ್ತ ಕೂತಿರುತ್ತಿದ್ದರು. ಯಾರ ಹಂಗೂ ಬೇಡವೆಂದು ಸಾರಿದ ನಾನೇ ಅವರನ್ನು ನನ್ನ ಹಂಗಿಗೆ ಹಾಕಿದ್ದೆ.

ಆಮೇಲೆ ಹಳೆಯ ಕಡತಗಳಲ್ಲಿ ನಿಮ್ಮ ಕಾಲದ ಒಂದು ಕೆಲಸ ಸಿಕ್ಕಿತು. ಯಾರೋ ಒಬ್ಬ ಹೆಂಗಸು ಇದೇ ಹಾಸಿನ ಹಳೆಯ ರೂಪಕ್ಕೆ ಕನ್ನಡದ ದನಿ ಕೊಡಲು ಹೊರಟಿದ್ದರು. ಒಂದರಿಂದ ನೂರರವರೆಗೆ ತಮ್ಮದೇ ದನಿಯಲ್ಲಿ ಓದಿ ಮುದ್ರಿಸಿಟ್ಟಿದ್ದಾರೆ. ಯಾವ ಕಡತ ಎಲ್ಲಿ ಕೂರಬೇಕೆಂದು ಸಿಟ್ಟಿನಲ್ಲೇ ಬರೆದಿಟ್ಟಿದ್ದಾರೆ. ಕೊನೆಯಲ್ಲಿ, “ನನ್ನ ಕೈಲಾಗಲ್ಲ, ಹಳೇದಕ್ಕೇ ಹೋಗ್ತೀನಿ.” ಅವರು ಬರೆದ ದಾರಿ ಹಿಡಿದು ಬಣ್ಣಗಳ ಹೆಸರನ್ನು ನಾನು ಓದಿ ಸೇರಿಸಿದೆ.

“ಎಣಸಾಕ ಅಕಿನ ಛಲೋ,” ಎಂದರು ಕಾಕಾ, “ನೀ ಅವಸರ ಮಾಡ್ತಿ.”

ಆ ಹೆಂಗಸು ನೀವೇ ಇರಬಹುದು. ಹೋಗುವುದಾದರೆ ಹೋಗಿ, ನಾನು ದೂರುವುದಿಲ್ಲ. ಮಾಡಿದಷ್ಟನ್ನು ಮಾತ್ರ ಅಳಿಸಬೇಡಿ. ಇವತ್ತು ಬೆಳಿಗ್ಗೆ ನಾನು ಹೋಗುವಷ್ಟರಲ್ಲಿ ಕಾಕಾ ಆ ದನಿ ಕೇಳುತ್ತ ಒಂದು ಗೇಣು ನೇಯ್ದಿದ್ದರು.

ನಿಮ್ಮ,
ಶಿವಲೀಲಾ